ನಕಾಶೆಯ ಪತ್ತೇದಾರಿಕೆ: ಆಟ ಕಲಿಸಿದ ವಿದ್ಯೆ ಎತ್ತ ಸಾಗಿದೆ?

ಬೆಂಗಳೂರು: ಕಂಪ್ಯೂಟರ್ ಪರದೆಯ ಮೇಲೊಂದು ರಸ್ತೆ. ಎಡಬದಿಯಲ್ಲಿ ಸಾಗುವ ವಾಹನಗಳು, ಪಕ್ಕದಲ್ಲಿ ಕೆಂಪು ಮಣ್ಣು, ಅಂಗಡಿಯ ಫಲಕದ ಮೇಲೆ ದುಂಡನೆಯ ಅಕ್ಷರಗಳು. ಇದು ಭೂಮಿಯ ಮೇಲಿನ ಯಾವ ಸ್ಥಳ ಎಂಬುದನ್ನು ಆಟಗಾರ ವಿಶ್ವ ಭೂಪಟದಲ್ಲಿ ಗುರುತಿಸಬೇಕು. ಕನ್ನಡಕ್ಕೂ ತೆಲುಗಿಗೂ ಇರುವ ವ್ಯತ್ಯಾಸ ತಿಳಿಯದ ವಿದೇಶಿ ಆಟಗಾರ ಬೆಂಗಳೂರಿನ ಬೀದಿಯನ್ನು ಹೈದರಾಬಾದಿನದೆಂದು ಭಾವಿಸಿ ನೂರಾರು ಕಿ.ಮೀ. ಆಚೆ ಗುರುತು ಹಾಕುವುದುಂಟು. ದೂರ ಹೆಚ್ಚಿದಷ್ಟೂ ಅಂಕ ಕಡಿಮೆ.

ಸ್ವೀಡನ್ನಿನ ಆಂಟನ್ ವಾಲೆನ್ 2013ರಲ್ಲಿ ರೂಪಿಸಿದ ‘ಜಿಯೋಗೆಸ್ಸರ್’ ಆಟದ ಸ್ವರೂಪ ಇಷ್ಟೇ. ಗೂಗಲ್‌ನ ‘ಸ್ಟ್ರೀಟ್ ವ್ಯೂ’ ಚಿತ್ರಗಳೇ ಇದರ ಬಂಡವಾಳ. ಐದು ಸುತ್ತು, ಸುತ್ತಿಗೆ ಗರಿಷ್ಠ 5,000 ಅಂಕ. ವಿರಾಮದ ಮೋಜಾಗಿ ಆರಂಭವಾದ ಈ ಆಟಕ್ಕೆ 2023ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಕಪ್ ಪಂದ್ಯಾವಳಿಯೇ ನಡೆಯಿತು.

ಭೂಗೋಳವನ್ನು ಪತ್ತೇದಾರಿಕೆಯೊಡನೆ ಬೆಸೆಯುವ ಕಲ್ಪನೆ ಹೊಸದಲ್ಲ. ಅಮೆರಿಕದ ಬ್ರೊಡರ್‌ಬಂಡ್ ಸಂಸ್ಥೆ 1985ರಲ್ಲೇ ಕಾರ್ಮೆನ್ ಸ್ಯಾಂಡಿಯಾಗೊ ಎಂಬ ಕಳ್ಳಿಯನ್ನು ದೇಶದಿಂದ ದೇಶಕ್ಕೆ ಬೆನ್ನಟ್ಟುವ ಆಟವನ್ನು ಹೊರತಂದಿತ್ತು. ಸುಳಿವು ಬಿಡಿಸಲು ನೆರವಾಗಲೆಂದು ಅದರೊಡನೆ ಒಂದು ವಾರ್ಷಿಕ ಮಾಹಿತಿ ಕೋಶವನ್ನೂ ನೀಡಲಾಗುತ್ತಿತ್ತು. 2019ರ ಮಾರ್ಚ್‌ನಲ್ಲಿ ಅದೇ ಕಳ್ಳಿ ‘ಗೂಗಲ್ ಅರ್ಥ್’ ಮೇಲೆ ಮರಳಿ ಪ್ರತ್ಯಕ್ಷಳಾದಳು. ಪುಸ್ತಕದ ಪುಟಗಳ ಜಾಗಕ್ಕೆ ಉಪಗ್ರಹ ಚಿತ್ರ ಬಂದಿತ್ತು.

ಕಂಬವೂ ಸಾಕ್ಷಿ

ಪಳಗಿದ ಆಟಗಾರರು ನೋಡುವುದು ಪ್ರೇಕ್ಷಣೀಯ ಸ್ಥಳಗಳನ್ನಲ್ಲ. ಯಾರೂ ಗಮನಿಸದ ವಸ್ತುಗಳನ್ನು. ವಿದ್ಯುತ್ ಕಂಬದ ಆಕಾರ, ರಸ್ತೆಯಂಚಿನ ಗೂಟದ ಬಣ್ಣ, ಮಣ್ಣಿನ ಛಾಯೆ, ಸೂರ್ಯನಿರುವ ದಿಕ್ಕು ಎಲ್ಲವೂ ಅವರಿಗೆ ಸಾಕ್ಷಿಗಳೇ. ಚಿತ್ರ ತೆಗೆದ ಗೂಗಲ್ ಕಾರು ಕೂಡ ಗುಟ್ಟು ಬಿಟ್ಟುಕೊಡುತ್ತದೆ. ಅದರ ಮೇಲ್ಭಾಗದ ಸರಳಿಗೆ ಕಪ್ಪು ಪಟ್ಟಿ ಸುತ್ತಿದ್ದರೆ ಘಾನಾ, ಪಕ್ಕದಲ್ಲಿ ಗಾಳಿ ಎಳೆಯುವ ಕೊಳವೆ ಕಂಡರೆ ಕೀನ್ಯಾ ಎಂಬುದು ಈ ವಲಯದಲ್ಲಿ ಬಾಲಪಾಠ.

ಈ ವಿದ್ಯೆ ಆಟದಂಗಳವನ್ನು ದಾಟಿ ಬಹಳ ದಿನಗಳಾಗಿವೆ. 2014ರ ಜುಲೈ 17ರಂದು ಉಕ್ರೇನಿನ ಪೂರ್ವ ಭಾಗದಲ್ಲಿ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ ಕ್ಷಿಪಣಿಗೆ ಸಿಲುಕಿ 298 ಮಂದಿ ಸತ್ತರು. ಕ್ಷಿಪಣಿ ವಾಹನ ಸಾಗಿದ ಹಾದಿಯನ್ನು ಎಲಿಯಟ್ ಹಿಗ್ಗಿನ್ಸ್ ಸ್ಥಾಪಿಸಿದ ‘ಬೆಲ್ಲಿಂಗ್‌ಕ್ಯಾಟ್’ ತಂಡ ಪತ್ತೆಹಚ್ಚಿದ್ದು ಇದೇ ವಿಧಾನದಿಂದ. ಜನಸಾಮಾನ್ಯರು ತೆಗೆದಿದ್ದ ಚಿತ್ರಗಳಲ್ಲಿನ ಕಟ್ಟಡ, ಫಲಕ, ಮರಗಳನ್ನು ಅದು ಅಂತರ್ಜಾಲದ ನಕಾಶೆಯೊಂದಿಗೆ ತಾಳೆ ನೋಡಿತ್ತು. ಆ ವಾಹನ ರಷ್ಯಾದ 53ನೇ ವಿಮಾನ ನಿರೋಧಕ ದಳದ್ದು ಎಂಬ ತೀರ್ಮಾನಕ್ಕೆ ಅಧಿಕೃತ ಜಂಟಿ ತನಿಖಾ ತಂಡವೂ 2018ರಲ್ಲಿ ಬಂದಿತು. 2017ರಿಂದ ಯುರೋಪೋಲ್ ಕೂಡ, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ಹಿನ್ನೆಲೆಯಲ್ಲಿರುವ ಚೀಲ, ಬಟ್ಟೆ, ಪೊಟ್ಟಣಗಳಂತಹ ವಸ್ತುಗಳನ್ನಷ್ಟೇ ಕತ್ತರಿಸಿ ಪ್ರಕಟಿಸುತ್ತಿದೆ. ಅವು ಎಲ್ಲಿಯವು ಎಂದು ತಿಳಿಸುವಂತೆ ಸಾರ್ವಜನಿಕರ ನೆರವು ಕೋರುತ್ತಿದೆ.

ಮನೆಬಾಗಿಲಿಗೆ ಬಂದಾಗ

ಆದರೆ ಕೊಲೆಗಡುಕರ ಜಾಡು ಹಿಡಿಯಲು ಒದಗುವ ಕಣ್ಣು ಅಮಾಯಕರ ಮನೆಯನ್ನೂ ಹುಡುಕಬಲ್ಲದು. ಬಾಲ್ಕನಿಯಲ್ಲಿ ನಿಂತು ತೆಗೆದ ಚಿತ್ರದಲ್ಲಿ ಎದುರಿನ ನೀರಿನ ಟ್ಯಾಂಕು, ಬೀದಿಯ ತಿರುವು, ಅಂಗಡಿಯ ಹೆಸರು ಕಾಣಿಸಿದರೆ ಸಾಕು, ವಿಳಾಸ ಬರೆಯದೆಯೂ ವಿಳಾಸ ಕೊಟ್ಟಂತೆ. ಈತನಕ ಇದಕ್ಕೆ ತಾಳ್ಮೆ ಬೇಕಿತ್ತು, ಅನುಭವ ಬೇಕಿತ್ತು. ಆ ತಡೆಯೂ ಈಗ ಕುಸಿಯುತ್ತಿದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2023ರಲ್ಲಿ ರೂಪಿಸಿದ ‘ಪಿಜನ್’ ಎಂಬ ಕೃತಕ ಬುದ್ಧಿಮತ್ತೆಯ ಊಹೆಗಳಲ್ಲಿ ಶೇ. 40ಕ್ಕೂ ಹೆಚ್ಚು ನಿಜವಾದ ಸ್ಥಳದಿಂದ 25 ಕಿ.ಮೀ. ಒಳಗೇ ಬಿದ್ದವು. ಈ ಆಟದ ಅತಿ ಪ್ರಸಿದ್ಧ ಆಟಗಾರ ಟ್ರೆವರ್ ರೇನ್‌ಬೋಲ್ಟ್ ಅವರನ್ನೂ ಅದು ಸೋಲಿಸಿತು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಹೊಸ ಮಾದರಿಗಳನ್ನು ಬಿಡುಗಡೆ ಮಾಡಿದಾಗ, ಚಿತ್ರ ಕೊಟ್ಟು ಊರು ಕೇಳುವುದು ಚಾಟ್‌ಜಿಪಿಟಿ ಬಳಕೆದಾರರ ನಡುವೆ ದಿನನಿತ್ಯದ ಆಟವೇ ಆಯಿತು.

ಭಾರತ ನಡೆದ ಹಾದಿ

ನಕಾಶೆಯ ಕುರಿತ ಭಾರತದ ಆತಂಕ ಬಹುಪಾಲು ದೇಶದ ಭದ್ರತೆಗೆ ಸಂಬಂಧಿಸಿದ್ದು. ಗೂಗಲ್ ಅರ್ಥ್ ಬಂದ 2005ರಲ್ಲೇ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ, ಮುಕ್ತವಾಗಿ ದೊರೆಯುವ ಉಪಗ್ರಹ ಚಿತ್ರಗಳು ಭಯೋತ್ಪಾದಕರಿಗೆ ನೆರವಾದಾವು ಎಂದು ಎಚ್ಚರಿಸಿದ್ದರು. 2011ರ ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಿಗಿಳಿದ ಸ್ಟ್ರೀಟ್ ವ್ಯೂ ಕಾರುಗಳನ್ನು ಪೊಲೀಸರು ಕೆಲವೇ ವಾರಗಳಲ್ಲಿ ತಡೆದರು. 2016ರ ಕರಡು ಮಸೂದೆಯಂತೂ ಅನುಮತಿಯಿಲ್ಲದ ಭೂಮಾಹಿತಿ ಬಳಕೆಗೆ ₹100 ಕೋಟಿವರೆಗೆ ದಂಡ, ಏಳು ವರ್ಷದವರೆಗೆ ಸೆರೆವಾಸ ಸೂಚಿಸಿತ್ತು. ವ್ಯಾಪಕ ವಿರೋಧದಿಂದಾಗಿ ಅದು ಕಾಯ್ದೆಯಾಗಲಿಲ್ಲ.

2021ರ ಫೆಬ್ರುವರಿಯ ಮಾರ್ಗಸೂಚಿ ಗಾಳಿಯ ದಿಕ್ಕನ್ನೇ ಬದಲಿಸಿತು. ನಕಾಶೆ ತಯಾರಿಸಲು ಭಾರತೀಯ ಸಂಸ್ಥೆಗಳಿಗೆ ಪೂರ್ವಾನುಮತಿ ಬೇಡವಾಯಿತು. ಬೀದಿ ಚಿತ್ರಣದ ಹಕ್ಕು ಮಾತ್ರ ಅವುಗಳಿಗೇ ಮೀಸಲಾಯಿತು. ಅದರಂತೆ ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರ ಸೆರೆಹಿಡಿದ ಚಿತ್ರಗಳೊಂದಿಗೆ 2022ರ ಜುಲೈನಲ್ಲಿ ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ ಸ್ಟ್ರೀಟ್ ವ್ಯೂ ತೆರೆದುಕೊಂಡಿತು.

ಹೀಗೆ ಹದಿನೇಳು ವರ್ಷ ನಡೆದ ಚರ್ಚೆಯಲ್ಲಿ ಸೇನಾನೆಲೆ, ಗಡಿರೇಖೆಗಳು ಬಂದಷ್ಟು ಪ್ರಜೆಯ ಮನೆಯಂಗಳ ಬರಲಿಲ್ಲ. ಮುಖ ಹಾಗೂ ವಾಹನದ ನೋಂದಣಿ ಫಲಕಗಳನ್ನು ಮಸುಕುಗೊಳಿಸುವುದೇನೋ ನಿಜ. ಜರ್ಮನಿಯಲ್ಲಿ 2010ರಲ್ಲಿ ಸುಮಾರು 2.44 ಲಕ್ಷ ಕುಟುಂಬಗಳು ತಮ್ಮ ಮನೆಯನ್ನೂ ಮಸುಕುಗೊಳಿಸುವಂತೆ ಕೋರಿದ್ದವು. ಅಂತಹ ಜಾಗೃತಿ ಇಲ್ಲಿ ಕಂಡಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸದು. ಹೆಮ್ಮೆಯಿಂದ ಹಂಚಿಕೊಂಡ ಗೃಹಪ್ರವೇಶದ ಚಿತ್ರದ ಮಟ್ಟಿಗೆ ಕಾನೂನಿನ ಆಸರೆ ಅಷ್ಟಕ್ಕಷ್ಟೇ.

ನಕಾಶೆಗಳನ್ನು ಮತ್ತೆ ಬೀಗ ಹಾಕಿ ಇಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಹಾಗಿದ್ದಲ್ಲಿ ಎಂಎಚ್17ರ ಸತ್ಯ ಇಷ್ಟು ಬೇಗ ಹೊರಬರುತ್ತಿರಲಿಲ್ಲ. ಉಳಿದಿರುವುದು ಚಿತ್ರ ಹಾಕುವ ಮುನ್ನ ಒಮ್ಮೆ ಅದರ ಹಿನ್ನೆಲೆಯನ್ನು ಆಟಗಾರನ ಕಣ್ಣಿನಿಂದ ನೋಡುವ ಅಭ್ಯಾಸ. ಶಾಲೆಯ ಭೂಗೋಳ ತರಗತಿಯಲ್ಲಿ ಈ ಆಟ ಆಡಿಸಿದರೆ ಮಕ್ಕಳು ದೇಶಗಳ ಹೆಸರಿನೊಂದಿಗೆ ಈ ಎಚ್ಚರವನ್ನೂ ಕಲಿತಾರು.