ಬೆನ್ನಿಗೆ ಬಟ್ಟಲು ಇಡಿಸಿಕೊಳ್ಳುವ ಮುನ್ನ

ನಮ್ಮ ಮನೆಯ ಹಿರಿಯರೊಬ್ಬರು ಕುತ್ತಿಗೆ ನೋವಿನಿಂದ ಬಳಲಿ, ನೆರೆಯವರ ಮಾತಿನಂತೆ ಕಪ್ಪಿಂಗ್ ಚಿಕಿತ್ಸೆಗೆ ಹೊರಟರು. ನಾವೂ ಜೊತೆಗೆ ಹೋದೆವು. ವೈದ್ಯರು ಮೊದಲು ಕೇಳಿದ್ದು ನೋವಿನ ವಿಷಯವನ್ನಲ್ಲ, “ಅಜ್ಜಾರೆ, ದಿನಾ ಯಾವ ಗುಳಿಗಿ ತಗೋತೀರಿ?” ಎಂದು. ಹೃದಯದ ತೊಂದರೆಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಎಂದೊಡನೆ ಅವರು ಬಟ್ಟಲುಗಳನ್ನು ಬದಿಗಿರಿಸಿದರು. ಆ ಪ್ರಶ್ನೆಯನ್ನು ನಾವಾರೂ ಮನೆಯಲ್ಲಿ ಯೋಚಿಸಿಯೇ ಇರಲಿಲ್ಲ. ಈ ತಿಂಗಳ ಬರಹಕ್ಕೆ ಅದೇ ಕಾರಣ.

ಇದು ಹೊಸ ವಿದ್ಯೆಯಲ್ಲ. ಕೊಂಬು ಹಾಗೂ ಸೋರೆಬುರುಡೆಗಳಿಂದ ರಕ್ತ ಹೀರುವ ಕ್ರಮವನ್ನು ಸುಶ್ರುತಸಂಹಿತೆ ಹೇಳುತ್ತದೆ. ಯುನಾನಿ ಪದ್ಧತಿಯಲ್ಲಿ ಇದರ ಹೆಸರು ಹಿಜಾಮಾ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಮೈಮೇಲಿನ ದುಂಡು ಕಲೆಗಳು ಇದನ್ನು ಜಗತ್ತಿಗೆಲ್ಲ ಪರಿಚಯಿಸಿದವು.

ಇದರಲ್ಲಿ ಎರಡು ವಿಧಗಳುಂಟು. ಒಣ ವಿಧದಲ್ಲಿ ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲನ್ನು ಚರ್ಮದ ಮೇಲಿರಿಸಿ, ಬೆಂಕಿಯ ಕಾವಿನಿಂದಲೋ ಪಂಪಿನಿಂದಲೋ ಒಳಗಿನ ಗಾಳಿಯ ಒತ್ತಡವನ್ನು ತಗ್ಗಿಸುತ್ತಾರೆ. ಚರ್ಮ ಮೇಲಕ್ಕೆ ಉಬ್ಬಿ, ಬಿಗಿಯಾಗಿ ಎಳೆದಂತೆ ಭಾಸವಾಗುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷಗಳೊಳಗೆ ಬಟ್ಟಲುಗಳನ್ನು ತೆಗೆಯುತ್ತಾರೆ. ಇನ್ನೊಂದು ವಿಧದಲ್ಲಿ ಚರ್ಮವನ್ನು ಬ್ಲೇಡಿನಿಂದ ತೆಳುವಾಗಿ ಗೀರಿ, ಸ್ವಲ್ಪ ರಕ್ತವನ್ನು ಹೊರತೆಗೆಯುತ್ತಾರೆ. ಉಳಿಯುವ ಕೆಂಪು ಅಥವಾ ನೇರಳೆ ಕಲೆಗಳು ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಮೂಡಿದವು, ಹೊರಬಂದ ‘ವಿಷ’ವಲ್ಲ. ಒಂದೆರಡು ವಾರಗಳಲ್ಲಿ ಮಾಯುತ್ತವೆ.

ಫಲವೇನು? ಕುತ್ತಿಗೆ, ಬೆನ್ನು ನೋವುಗಳಿಗೆ ಕೆಲಕಾಲ ಉಪಶಮನ ದೊರೆಯಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆಯಾದರೂ ಆಧಾರ ಗಟ್ಟಿಯಾಗಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಔಷಧಿ ಬಿಟ್ಟು ಇದನ್ನೇ ನಂಬುವುದು ಅಪಾಯಕರ.

ರಕ್ತಸ್ರಾವದ ರೋಗವುಳ್ಳವರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ಇದರಿಂದ ದೂರವಿರಬೇಕು. ಗರ್ಭಿಣಿಯರು, ರಕ್ತಹೀನತೆಯುಳ್ಳವರು, ಸಕ್ಕರೆ ಕಾಯಿಲೆಯವರು ತಮ್ಮ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಹುಣ್ಣು, ಸೋಂಕು ಇರುವ ಚರ್ಮದ ಮೇಲೆ ಬಟ್ಟಲು ಇಡಲೇಬಾರದು. ಚಿಕಿತ್ಸೆಗಾಗಿ ನಿತ್ಯದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಸರ್ವಥಾ ಸಲ್ಲದು. ರಕ್ತ ತೆಗೆಯುವುದಾದರೆ ಬ್ಲೇಡು, ಬಟ್ಟಲು ಎರಡೂ ಹೊಸವೇ ಎಂದು ಕಣ್ಣಾರೆ ನೋಡಿಕೊಳ್ಳಿರಿ. ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಬಿ, ಸಿ ವೈರಾಣುಗಳು ರಕ್ತದಿಂದ ಹರಡುತ್ತವೆ.

ನಮ್ಮ ಹಿರಿಯರು ಬಿಸಿ ಶಾಖ ಹಾಗೂ ವೈದ್ಯರು ಕಲಿಸಿದ ವ್ಯಾಯಾಮದಿಂದ ಈಗ ಚೇತರಿಸಿಕೊಂಡಿದ್ದಾರೆ. ಮನೆಯ ಹಿರಿಯರು ಸೇವಿಸುವ ಗುಳಿಗೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಯಾವ ಚಿಕಿತ್ಸೆಗೇ ಹೋಗಲಿ, ಅದು ಅವರ ಜೊತೆಗಿರಲಿ.