ಹಲ್ಲೂ ನಡೆಯೂ

ಕಡೂರಿನ ಹಿರಿಯ ಮಿತ್ರರೊಬ್ಬರು ನಿವೃತ್ತಿಯ ಗಂಟನ್ನು ಬಿಚ್ಚಿ, 2 ಲಕ್ಷ ಕಿಲೋಮೀಟರು ಓಡಿದ, ನಾಲ್ಕು ಚಕ್ರಗಳೂ ಎಳೆಯುವ ಜೀಪೊಂದನ್ನು ಕೊಳ್ಳಲು ಹೊರಟರು. ಬೆಲೆ ಕಟ್ಟಲು ನಾನಂತೆ! ಛಂದಸ್ಸಿನ ಮೇಷ್ಟರಿಗೆ ಜೀಪಿನ ಗಣವಿಭಾಗ ತಿಳಿದೀತೆ?

1929ರಿಂದ ಅಮೃತಮಹಲ್ ತಳಿಕೇಂದ್ರವಿರುವ ಅಜ್ಜಂಪುರದ ರೈತರೊಬ್ಬರು ನಕ್ಕರು: “ಹಲ್ಲು ಎತ್ತಿನ ವಯಸ್ಸು ಹೇಳೀತು ಮೇಷ್ಟ್ರೇ, ದುಡಿಮೆ ಹೇಳದು. ನಡೆಸಿ ನೋಡಿ.”

ನಿಜವೇ. ಬಯಲಿನಲ್ಲಿ ಓಡಿದ ಲಕ್ಷಕ್ಕಿಂತ, ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಘಟ್ಟವೇರಿದ ಅರ್ಧ ಲಕ್ಷ ಗಾಡಿಯನ್ನು ಹೆಚ್ಚು ಸವೆಸಬಲ್ಲದು. ನಾಲ್ಕು ಚಕ್ರದ ಗೇರು ಹಾಕಿ ಏರು ಹತ್ತಿಸಿದೆವು, ಜೀಪು ನರಳಿತು. ಚಾಸಿಯಲ್ಲಿ ತುಕ್ಕು. ಅದೇ ಮಾದರಿಯ ಸುಸ್ಥಿತಿಯ ಜೀಪಿನ ಬೆಲೆಯಿಂದ, ಮೆಕ್ಯಾನಿಕ್ ಬರೆದುಕೊಟ್ಟ ರಿಪೇರಿಯ ವೆಚ್ಚವನ್ನು ಕಳೆದೆವು. ಉಳಿದದ್ದೇ ನ್ಯಾಯವಾದ ಬೆಲೆ.

ಮಾಲೀಕರು ಒಪ್ಪಲಿಲ್ಲ. ಮಿತ್ರರ ಗಂಟು ಉಳಿಯಿತು, ಮೇಷ್ಟರಿಗೆ ಪಾಠವಾಯಿತು.