ಹಳೆಯ ವಸ್ತುಗಳ ಏಲಂ ಮತ್ತು ನಮ್ಮ ಕರ್ತವ್ಯ

ಸಾಬರಮತಿಯ ದಡದಲ್ಲಿ, ಎಲಿಸ್ ಸೇತುವೆಯ ಬಳಿ, ಪ್ರತಿ ರವಿವಾರ ಕೂಡುವ ಗುಜರಿ ಬಜಾರನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕಚೇರಿಯ ಬಂಧುಗಳು ರಜೆಯ ದಿನ ಹಳೆಯ ಪುಸ್ತಕಕ್ಕೆಂದೂ, ಹೋಟೆಲಿನ ಬಂಧುಗಳು ಸಿಕ್ಕ ಬಿಡುವಿನಲ್ಲಿ ಅಗ್ಗದ ಪೆಟ್ಟಿಗೆ, ಮಂಚಗಳಿಗೆಂದೂ ಅಲ್ಲಿಗೆ ಹೋಗುವುದುಂಟು. 'ಗುಜರಿ' ಎಂಬ ಮಾತು ನಮ್ಮ ಕರಾವಳಿಯ ಕನ್ನಡದಲ್ಲಿಯೂ ಇದೆ. ಕೆಲಸಕ್ಕೆ ಬಾರದೆ ತೂಕಕ್ಕೆ ಹಾಕುವ ಸಾಮಾನಿಗೆ ನಾವು ಹಾಗೆನ್ನುತ್ತೇವೆ. ಆದರೆ ಅದೇ ಬಗೆಯ ಸಾಮಾನು ಲಂಡನ್ ಅಥವಾ ನ್ಯೂಯಾರ್ಕಿನ ಏಲಂ ಕಟ್ಟೆಯನ್ನೇರಿದಾಗ ಲಕ್ಷಗಟ್ಟಲೆ ಬೆಲೆ ಬಾಳುವುದೇಕೆ? ಈ ಪ್ರಶ್ನೆಯನ್ನು ನಾವು ಇಂದು ಎತ್ತಿಕೊಂಡಿದ್ದೇವೆ.

2009ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಏಲಂ ಸಂಸ್ಥೆಯು ಮಹಾತ್ಮಾ ಗಾಂಧಿಯವರ ಕನ್ನಡಕ, ಚಪ್ಪಲಿ, ಜೇಬು ಗಡಿಯಾರ, ಊಟದ ತಟ್ಟೆ ಮತ್ತು ಬಟ್ಟಲುಗಳನ್ನು ಮಾರಾಟಕ್ಕಿಟ್ಟಿತು. ಗಾಂಧೀಜಿಯವರೇ ಸ್ಥಾಪಿಸಿದ, ಇದೇ ಅಹಮದಾಬಾದಿನ ನವಜೀವನ ಟ್ರಸ್ಟು ದಿಲ್ಲಿಯ ಉಚ್ಚ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಕಡಲಾಚೆಯ ಏಲಂ ಅದರಿಂದ ನಿಲ್ಲಲಿಲ್ಲ. ವಸ್ತುಗಳ ಒಡೆಯ ಜೇಮ್ಸ್ ಓಟಿಸ್ ಎಂಬವರು ಕೊನೆಯ ಗಳಿಗೆಯಲ್ಲಿ ಮಾರಾಟ ಬೇಡವೆಂದರೂ ಕೂಗು ಮುಂದುವರಿಯಿತು. ಕೊನೆಗೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರ ಪರವಾಗಿ 18 ಲಕ್ಷ ಡಾಲರಿಗೆ ಏಲಂ ಮುಗಿಯಿತು. ಅಪರಿಗ್ರಹವನ್ನು ವ್ರತವಾಗಿ ಪಾಲಿಸಿದ ಮಹಾತ್ಮನ ತಟ್ಟೆ ಬಟ್ಟಲುಗಳಿಗೆ ಈ ಬೆಲೆ! ದೇಶಕ್ಕೆ ಮರಳಿ ಕೊಂಡುಕೊಳ್ಳುವ ಉಮೇದು ಮೆಚ್ಚತಕ್ಕದ್ದೇ. ಆದರೆ ಕೊಂಡು ತರುವುದಕ್ಕಿಂತ ಕಳೆದುಕೊಳ್ಳದಿರುವುದು ಲೇಸೆಂಬುದರಲ್ಲಿ ಸಂಶಯವಿಲ್ಲ.

ಶ್ರೀರಂಗಪಟ್ಟಣದ ಖಡ್ಗದ ಕಥೆಯೂ ಇಂಥದೇ. ಟಿಪ್ಪುವಿನ ಶಯನಾಗಾರದ್ದೆಂದು ಹೇಳಲಾದ, 1799ರ ಯುದ್ಧಾನಂತರ ಜನರಲ್ ಬೇರ್ಡನಿಗೆ ಕಾಣಿಕೆಯಾಗಿ ಸಂದ ಖಡ್ಗವು 2023ರ ಮೇ 23ರಂದು ಲಂಡನಿನ ಬೋನಮ್ಸ್ ಏಲಂನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಉಕ್ಕಿಗೂ ಚಿನ್ನದ ಕೆಲಸಕ್ಕೂ ಇಷ್ಟು ಬೆಲೆ ಯಾರೂ ಕೊಡರು. ಅದು ಯಾರದು, ಯಾರಿಂದ ಯಾರಿಗೆ ಹೋಯಿತು ಎಂಬ ವೃತ್ತಾಂತಕ್ಕೆ ಬಂದ ಬೆಲೆ ಅದು. ವಸ್ತುವಿನೊಡನೆ ಅದರ ಕಥೆ ಉಳಿದರೆ ಅದು ಐಶ್ವರ್ಯ. ಕಥೆ ಕಳೆದರೆ ಬರಿಯ ತೂಕ.

ಈ ಮಾತನ್ನು ನಾವು ನಮ್ಮ ಸ್ವಂತ ತಪ್ಪಿನಿಂದ ಕಲಿತೆವೆಂದು ಒಪ್ಪಿಕೊಳ್ಳುತ್ತೇವೆ. ಹೋಟೆಲ್ ಮುಚ್ಚಿ ಈ ಪತ್ರಿಕೆಯ ಕೆಲಸಕ್ಕೆ ಇಳಿದ ವರ್ಷ, ತೀರ್ಥರೂಪರು ಊರಿನಿಂದ ತರಿಸಿದ್ದ ತಾಮ್ರದ ಕೊಪ್ಪರಿಗೆಯನ್ನೂ ಹಿತ್ತಾಳೆಯ ಹಂಡೆಗಳನ್ನೂ ನಾವು ತೂಕಕ್ಕೆ ಹಾಕಿದೆವು. ಬಂದ ಹಣ ಬಾಕಿ ಬಾಡಿಗೆಗೆ ಸರಿಹೋಯಿತು. ಎರಡು ವರ್ಷಗಳ ತರುವಾಯ ಇಲ್ಲಿಯ ಒಂದು ದೊಡ್ಡ ಹೋಟೆಲಿನ ಹಜಾರದಲ್ಲಿ ಅದೇ ಕೊಪ್ಪರಿಗೆ ನೀರು ತುಂಬಿ, ಗುಲಾಬಿಯ ಎಸಳು ತೇಲಿಸಿಕೊಂಡು ಕುಳಿತಿತ್ತು. ಅಂಚಿನಲ್ಲಿ ಕೊರೆದಿದ್ದ ತೀರ್ಥರೂಪರ ಹೆಸರಿನ ಕನ್ನಡ ಅಕ್ಷರಗಳಿಂದ ಗುರುತು ಹಿಡಿದೆವು. ವಿಚಾರಿಸಲು, ರಾಜಸ್ಥಾನದ ಯಾವುದೋ ಅರಮನೆಯದೆಂದೂ, ಆ ಅಕ್ಷರಗಳು ಚಿತ್ತಾರವೆಂದೂ ಅಲ್ಲಿಯವರು ವಿನಯದಿಂದಲೇ ತಿಳಿಸಿದರು. ಅವರ ತಪ್ಪೇನು? ಕಥೆಯನ್ನು ಹೇಳದೆ ಮಾರಿದವರು ನಾವು.

ಇಂದು ನಮ್ಮೂರುಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಕೆಡಹಲ್ಪಡುತ್ತಿವೆ. ಮಕ್ಕಳು ಅಹಮದಾಬಾದಿನಲ್ಲಿ, ಸೂರತಿನಲ್ಲಿ, ವಡೋದರೆಯಲ್ಲಿ. ಊರಿನಲ್ಲಿ ವೃದ್ಧ ತಾಯಿ ಒಬ್ಬರೇ. ಬಾಗಿಲಿಗೆ ಬಂದ ವ್ಯಾಪಾರಿ ಕಾಲುದೀಪ, ಮರಿಗೆ, ಕಳಸೆ, ಚೆನ್ನೆಮಣೆ, ಕೆತ್ತನೆಯ ಕಂಬಗಳನ್ನು ಸ್ಟೀಲಿನ ಪಾತ್ರೆಗಳಿಗೆ ಬದಲಾಗಿ ಒಯ್ಯುತ್ತಾನೆ. ಓದಲು ಬಾರದೆಂದು ತಾಳೆಗರಿಯ ಕಟ್ಟುಗಳು ಒಲೆಯ ಪಾಲಾಗುತ್ತವೆ.

ಕಷ್ಟಕ್ಕೆ ಮಾರುವವರನ್ನು ನಾವು ದೂಷಿಸುವುದಿಲ್ಲ. ಮಗಳ ಮದುವೆಗೋ ಮದ್ದಿನ ಖರ್ಚಿಗೋ ಹಣ ಬೇಕಾದವನಿಗೆ ಹಂಡೆಯ ಚರಿತ್ರೆ ಬೋಧಿಸುವುದು ಕ್ರೌರ್ಯವೇ ಸರಿ. ಆದರೆ ಮಾರುವವನು ತಿಳಿದು ಮಾರಲಿ. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಮೇರೆಗೆ ನೂರು ವರ್ಷ ಮೀರಿದ ಶಿಲ್ಪ, ಚಿತ್ರ, ಕರಕುಶಲ ವಸ್ತುಗಳೂ, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವುದು ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ವಿಗ್ರಹ, ಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾದ ಕೆಲವು ಬಗೆಯವನ್ನು ನೋಂದಾಯಿಸಬೇಕು. ನೋಂದಣಿ ಮಾತ್ರದಿಂದ ಒಡೆತನ ತಪ್ಪುವುದಿಲ್ಲ. ಬಾಗಿಲಿಗೆ ಬಂದವನೊಡನೆ ಪರವಾನಗಿ ತೋರಿಸೆಂದು ಕೇಳುವ ಧೈರ್ಯವಾದರೂ ನಮ್ಮವರಿಗೆ ಬರಬೇಕು.

ಹಣವಂತರಿಗೆ ಮಾತ್ರ ಈ ರಕ್ಷಣೆ ಸಾಧ್ಯವೆಂದು ಕೈಚೆಲ್ಲಬೇಕಾಗಿಲ್ಲ. ಸ್ಯಾಟಲೈಟಿನಿಂದ ಹೆಚ್ಚು ದೂರವಲ್ಲದ ವಾಸಣಾದಲ್ಲಿ 'ವಿಶಾಲಾ' ಎಂಬ ಊಟದ ಮನೆಯನ್ನು ತೆರೆದ ಸುರೇಂದ್ರ ಪಟೇಲರು, ಕರಗಿಸಲು ಹೋಗುತ್ತಿದ್ದ ಹಳೆಯ ಪಾತ್ರೆಗಳನ್ನು ಕೂಡಿಹಾಕಿ 1981ರಲ್ಲಿ ಪಾತ್ರೆಗಳದೇ ಒಂದು ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಅವರು ನಮ್ಮ ವೃತ್ತಿಯವರೇ. ಇತ್ತ ಮಣಿಪಾಲದಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ 'ಹಸ್ತಶಿಲ್ಪ'ವನ್ನು ಕಟ್ಟಿದ, 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಬ್ಯಾಂಕಿನ ನೌಕರರಾಗಿದ್ದವರು. ಒಬ್ಬರು ಹೋಟೆಲಿನವರು, ಒಬ್ಬರು ಕಚೇರಿಯವರು. ನಮ್ಮ ವಾಚಕರಿಗೆ ಇದಕ್ಕಿಂತ ಹತ್ತಿರದ ಆದರ್ಶ ಬೇಕೆ?

ಎಲ್ಲರೂ ಸಂಗ್ರಹಾಲಯ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಒಂದು ಪೆನ್ನನ್ನೂ ಒಂದು ನೋಟುಬುಕ್ಕನ್ನೂ ಜೊತೆಗೆ ಒಯ್ಯಿರಿ. ಅಟ್ಟದ ಸಾಮಾನನ್ನು ಕೆಳಗಿಳಿಸಿ ತಾಯಿಯ ಮುಂದಿಡಿ. ಇದು ಯಾರು ತಂದದ್ದು, ಯಾವ ಮದುವೆಯಲ್ಲಿ ಇದರಲ್ಲಿ ಪಾಯಸ ಬೆಂದಿತು, ಇದರ ಮೇಲಿನ ಅಕ್ಷರ ಯಾರ ಹೆಸರು ಎಂದು ಕೇಳಿ ಬರೆದುಕೊಳ್ಳಿರಿ. ಕೈಯಲ್ಲಿರುವ ಮೊಬೈಲಿನಿಂದ ಚಿತ್ರ ತೆಗೆಯಿರಿ. ತಾಳೆಗರಿ ಸಿಕ್ಕಿದರೆ ಓದಬಲ್ಲವರಿಗೆ ತೋರಿಸಿರಿ. ಆಮೇಲೆ ಇಟ್ಟುಕೊಳ್ಳುವಿರೋ, ಮಾರುವಿರೋ, ಅದು ನಿಮ್ಮ ಇಚ್ಛೆ. ನಮ್ಮ ತೀರ್ಥರೂಪರ ಕೊಪ್ಪರಿಗೆಯನ್ನು ನಾವು ಮರಳಿ ತರಲಾರೆವು. ನಿಮ್ಮದು ಇನ್ನೂ ಅಟ್ಟದಲ್ಲಿದೆ.